ಎರಡು ಮಿಲಿಮೀಟರ್ ದಪ್ಪದ ಊಟ

ತುರ್ಕಿಯ ಆಗ್ನೇಯ ಭಾಗದ ಗಾಜಿಯಾಂತೆಪ್, ಉರ್ಫಾ ಊರುಗಳಲ್ಲಿ ಮನೆಯವರು ಲಹ್ಮಾಜುನ್ ಮಾಡಲು ಹೊರಟರೆ ಮನೆಯಲ್ಲಿ ಆಗುವುದು ಅರ್ಧ ಕೆಲಸ ಮಾತ್ರ. ಕುರಿಯ ಖೀಮಾಕ್ಕೆ ಟೊಮೆಟೊ, ಹಸಿಮೆಣಸು, ಪಾರ್ಸ್ಲಿ ಸೊಪ್ಪು, ಒಣಮೆಣಸಿನ ಪುಡಿ ಸೇರಿಸಿ ಕಲಸುವುದು ಅವರ ಪಾಲು. ಕೆಲವೊಮ್ಮೆ ಅದನ್ನೂ ಮಾಂಸದಂಗಡಿಯವನೇ ಕೊಚ್ಚಿ ಕೊಡುತ್ತಾನೆ. ಆ ಪಾತ್ರೆ ಬೀದಿಯ ಬೇಕರಿಗೆ ಹೋಗುತ್ತದೆ. ಹಿಟ್ಟು ಬೇಕರಿಯವನದು, ಕಲ್ಲಿನ ಒಲೆಯೂ ಅವನದೇ. ಉಂಡೆಯನ್ನು ತೆಳ್ಳಗೆ ಹರಡಿ, ಹಸಿ ಖೀಮಾವನ್ನು ಬೆರಳ ತುದಿಯಿಂದ ಒತ್ತೊತ್ತಿ ಅಂಚಿನವರೆಗೂ ಬಳಿದು, ಉದ್ದ ಹಿಡಿಯ ಹಲಗೆಯ ಮೇಲಿಟ್ಟು ಒಲೆಯೊಳಕ್ಕೆ ಜಾರಿಸುತ್ತಾನೆ. ಎರಡು ಮೂರು ನಿಮಿಷ, ಅಷ್ಟೇ. ಪಾತ್ರೆ ಹೊತ್ತು ಬಂದ ಹುಡುಗ ಬಿಸಿ ರೊಟ್ಟಿಗಳ ಅಟ್ಟಿ ಹೊತ್ತು ಮನೆಗೆ ಮರಳುತ್ತಾನೆ.

1961ರಲ್ಲಿ ಪಶ್ಚಿಮ ಜರ್ಮನಿಯೂ ತುರ್ಕಿಯೂ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಆ ವಲಸೆಯೊಂದಿಗೆ ಹೋದ ತಿನಿಸುಗಳಲ್ಲಿ ಇದೂ ಒಂದು. ಅಲ್ಲಿನ ಗಿರಾಕಿಗಳಿಗೆ ಲಹ್ಮಾಜುನ್ ಎಂದರೆ ಏನೂ ತಿಳಿಯುತ್ತಿರಲಿಲ್ಲವಾದ್ದರಿಂದ ಅಂಗಡಿಯ ಫಲಕದ ಮೇಲೆ ಅದು ‘ಟರ್ಕಿಶ್ ಪಿಜ್ಜಾ’ ಆಯಿತು. ಇದು ಯಾರ ತಿನಿಸು ಎಂಬ ಜಗಳದಲ್ಲಿ ತುರ್ಕರು, ಸಿರಿಯಾದ ಅರಬರು, ಅರ್ಮೇನಿಯನ್ನರು ಮೂವರೂ ಇದ್ದಾರೆ. ಗಾಜಿಯಾಂತೆಪ್‌ನಿಂದ ಸಿರಿಯಾದ ಅಲೆಪ್ಪೊಗೆ ಇರುವ ದೂರ ನೂರು ಕಿಲೋಮೀಟರ್ ಆಸುಪಾಸು. ನಡುವಿನ ಗಡಿರೇಖೆಗೆ ನೂರು ವರ್ಷದ ವಯಸ್ಸು, ರೊಟ್ಟಿಯ ಮೇಲೆ ಮಾಂಸ ಹರಡಿ ಸುಡುವ ಅಭ್ಯಾಸಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಜಗಳವನ್ನು ಅವರಿಗೇ ಬಿಡೋಣ. ಈ ಅಧ್ಯಾಯದ ಪ್ರಶ್ನೆ ಬೇರೆ. ಹಸಿ ಹಿಟ್ಟು, ಅದರ ಮೇಲೆ ಹಸಿ ಮಾಂಸ. ಎರಡೂ ಒಟ್ಟಿಗೆ ಮೂರೇ ನಿಮಿಷದಲ್ಲಿ ಬೇಯುವುದು ಹೇಗೆ? ಆ ಒಲೆಯಿಲ್ಲದ ನಮ್ಮ ಅಡುಗೆಮನೆಯಲ್ಲಿ, ಗ್ಯಾಸ್ ಒಲೆ ಮತ್ತು ಕಬ್ಬಿಣದ ಕಾವಲಿ ಇಟ್ಟುಕೊಂಡು, ಅರ್ಧ-ಮುಕ್ಕಾಲು ಗಂಟೆಯಲ್ಲಿ ಇದನ್ನು ಮಾಡಿ ಮುಗಿಸಬಹುದೆ?

ಮಾಡಬಹುದು. ‘ದಿಢೀರ್ ಪಿಜ್ಜಾ’ ಎಂದೊಡನೆ ಎಲ್ಲರೂ ಯೀಸ್ಟ್ ಬಗ್ಗೆ, ಬೇಕಿಂಗ್ ಪೌಡರ್ ಬಗ್ಗೆ ಮಾತನಾಡುತ್ತಾರೆ. ಲಹ್ಮಾಜುನ್ ಬೇಗ ಆಗುವುದಕ್ಕೂ ಅವಕ್ಕೂ ಹೆಚ್ಚಿನ ಸಂಬಂಧವಿಲ್ಲ. ಅದು ಬೇಗ ಆಗುವುದು ತೆಳ್ಳಗಿರುವುದರಿಂದ.

ಶಾಖ ಒಂದು ವಸ್ತುವಿನೊಳಗೆ ಹೇಗೆ ಸಾಗುತ್ತದೆ ಎಂಬುದರ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅಡುಗೆಯವರಿಗೆ ಅದರಲ್ಲಿ ಬೇಕಾದದ್ದು ಒಂದೇ ಮಾತು: ಒಳಗಿನವರೆಗೆ ಕಾವು ತಲುಪಲು ಹಿಡಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು, ಐದು ಪಟ್ಟಾದರೆ ಇಪ್ಪತ್ತೈದು ಪಟ್ಟು. ಗೋಧಿ ಹಿಟ್ಟಿನಲ್ಲಿ ಕಾವು ಹರಡುವ ವೇಗವನ್ನು ಇಟ್ಟು ಲೆಕ್ಕ ಹಾಕಿದರೆ, 2 ಮಿಲಿಮೀಟರ್ ದಪ್ಪದ ರೊಟ್ಟಿಯನ್ನು ಕಾವು ದಾಟಲು ಸುಮಾರು ಅರ್ಧ ನಿಮಿಷ ಸಾಕು. ಒಂದು ಸೆಂಟಿಮೀಟರ್ ದಪ್ಪದ ಪಿಜ್ಜಾಕ್ಕೆ ಹತ್ತು ನಿಮಿಷದ ಮೇಲೆ ಬೇಕು. ಒಲೆಯನ್ನು ಇನ್ನಷ್ಟು ಉರಿಸಿ ಈ ವ್ಯತ್ಯಾಸವನ್ನು ಮುಚ್ಚಿಹಾಕಲು ಆಗುವುದಿಲ್ಲ. ಹೊರಗೆ ಕರಕಲಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಮೇಲಿನ ಖೀಮಾಕ್ಕೂ ಇದೇ ಲೆಕ್ಕ. ಕೊಚ್ಚಿದ ಮಾಂಸವನ್ನು ಪೂರ್ತಿ ಬೇಯಿಸಲೇಬೇಕು. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೊರಮೈಯಲ್ಲೇ ಇರುತ್ತವೆ. ಕೊಚ್ಚಿದಾಗ ಹೊರಮೈ ಒಳಗೆಲ್ಲ ಬೆರೆತುಹೋಗುತ್ತದೆ. ಆದ್ದರಿಂದಲೇ ಖೀಮಾದ ಒಳಗು 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬ ನಿಯಮ. ಉಂಡೆ ಕಟ್ಟಿದ ಕೋಫ್ತಾದಲ್ಲಿ ಇದಕ್ಕೆ ಸಮಯ ಬೇಕು. ಎರಡು ಮೂರು ಮಿಲಿಮೀಟರಿನ ಲೇಪದಲ್ಲಿ ಬೇಡ. ಬೇಕರಿಯವನು ಬೆರಳಿನಿಂದ ಒತ್ತಿ ಹರಡುವಾಗ ಅಲ್ಲಲ್ಲಿ ಹಿಟ್ಟಿನ ಬಿಳುಪು ಇಣುಕುವಷ್ಟು ತೆಳ್ಳಗೆ ಬಳಿಯುತ್ತಾನೆ. ನೋಡುವವರಿಗೆ ಜಿಪುಣತನ ಅನ್ನಿಸಬಹುದು. ಅವನಿಗೆ ಫೂರಿಯೇ ಗೊತ್ತಿಲ್ಲ, ಒಲೆ ಗೊತ್ತು.

ಹಾಗಾದರೆ ಹಿಟ್ಟನ್ನು ಅಷ್ಟು ತೆಳ್ಳಗೆ ಮಾಡುವುದು ಹೇಗೆ? ಮೈದಾಹಿಟ್ಟಿಗೆ ನೀರು ಹಾಕಿ ನಾದಿದ ತಕ್ಷಣ ಲಟ್ಟಿಸಲು ಹೋಗಿ ನೋಡಿ: ಲಟ್ಟಣಿಗೆ ಎತ್ತಿದೊಡನೆ ಅಂಚು ಒಳಕ್ಕೆ ಸೇದಿಕೊಳ್ಳುತ್ತದೆ. ಈ ಹಟದ ಹಿಂದಿರುವುದು ಗ್ಲುಟೆನ್. ಗೋಧಿಯಲ್ಲಿ ಗ್ಲುಟೆನಿನ್, ಗ್ಲಿಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಒಣಹಿಟ್ಟಿನಲ್ಲಿ ಅವು ಸುಮ್ಮನೆ ಬಿದ್ದಿರುತ್ತವೆ, ನೀರು ತಾಗಿದಾಗ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಗ್ಲುಟೆನಿನ್ ಬಲೆಗೆ ಸೆಡೆತ ಕೊಡುತ್ತದೆ, ಗ್ಲಿಯಾಡಿನ್ ಜಾರುವ ಗುಣ ಕೊಡುತ್ತದೆ. ಗ್ಲುಟೆನ್ ಅನ್ನು ಮೊದಲು ಬೇರ್ಪಡಿಸಿ ತೋರಿಸಿದವನು ಇಟಲಿಯ ಬೊಲೊನ್ಯಾದ ಯಾಕೊಪೊ ಬೆಕ್ಕಾರಿ. ಅವನ ವರದಿ ಅಚ್ಚಾದದ್ದು 1745ರಲ್ಲಿ. ಅವನು ಮಾಡಿದ್ದನ್ನು ನೀವೂ ಮಾಡಬಹುದು. ನಿಂಬೆಗಾತ್ರದ ಮೈದಾ ಉಂಡೆಯನ್ನು ಹತ್ತು ನಿಮಿಷ ಇಟ್ಟು, ನಲ್ಲಿಯ ಸಣ್ಣ ಧಾರೆಯ ಕೆಳಗೆ ಹಿಸುಕುತ್ತಾ ತೊಳೆಯಿರಿ. ಹಾಲಿನಂಥ ನೀರು ಹರಿದುಹೋಗುತ್ತದೆ, ಅದು ಪಿಷ್ಟ. ನೀರು ತಿಳಿಯಾದ ಮೇಲೆ ಅಂಗೈಯಲ್ಲಿ ಉಳಿಯುವ ಬೂದುಬಣ್ಣದ, ಎಳೆದರೆ ರಬ್ಬರಿನಂತೆ ಹಿಂದಕ್ಕೆ ಜಗ್ಗುವ ಮುದ್ದೆಯೇ ಗ್ಲುಟೆನ್.

ಬಲೆ ಜಗ್ಗಾಟ ನಿಲ್ಲಿಸಬೇಕಾದರೆ ಹಿಟ್ಟಿಗೆ ಬಿಡುವು ಕೊಡಬೇಕು. ನಾದುವಾಗ ಬಿಗಿದುಕೊಂಡ ಪ್ರೋಟೀನಿನ ಎಳೆಗಳು ಇಪ್ಪತ್ತು ನಿಮಿಷದಲ್ಲಿ ನಿಧಾನವಾಗಿ ಸಡಿಲಗೊಂಡು ಮರುಜೋಡಣೆಯಾಗುತ್ತವೆ, ನೀರು ಎಲ್ಲ ಕಡೆ ಸಮವಾಗಿ ಇಳಿಯುತ್ತದೆ. ಹೋಳಿಗೆ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಣಕಕ್ಕೆ ಎಣ್ಣೆ ಸುರಿದು ಗಂಟೆಗಟ್ಟಲೆ ನೆನೆಯಲು ಬಿಡುವುದು ಇದೇ ಕಾರಣಕ್ಕೆ. ನೆನೆದ ಕಣಕ ಹೂರಣದ ಸುತ್ತ ಪೊರೆಯಂತೆ ಹಿಗ್ಗುತ್ತದೆ. ಲಹ್ಮಾಜುನ್ ಹಿಟ್ಟಿಗೆ ಅಷ್ಟು ಹೊತ್ತು ಬೇಡ, ಅಷ್ಟು ಎಣ್ಣೆಯೂ ಬೇಡ. ಆದರೆ ‘ದಿಢೀರ್’ ಎಂಬ ಆತುರದಲ್ಲಿ ಈ ಇಪ್ಪತ್ತು ನಿಮಿಷವನ್ನು ಮಾತ್ರ ಕಡಿಯಬಾರದು. ಆ ಹೊತ್ತಿನಲ್ಲಿ ಈರುಳ್ಳಿ ಹೆಚ್ಚಿದರಾಯಿತು.

ಇನ್ನು ಯೀಸ್ಟ್. ತುರ್ಕಿಯ ಬೇಕರಿಗಳ ಹಿಟ್ಟಿನಲ್ಲಿ ತುಸು ಯೀಸ್ಟ್ ಇರುತ್ತದೆ. ಅರ್ಧ ಗಂಟೆಯಲ್ಲಿ ಅದು ಮಾಡುವ ಕೆಲಸ ಹೆಚ್ಚೇನಿಲ್ಲ. ಹಿಟ್ಟಿನ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡತೊಡಗುತ್ತದೆ; ಬ್ರೆಡ್ಡಿನ ನಿಜವಾದ ಪರಿಮಳ ಬರುವುದು ರಾತ್ರಿಯೆಲ್ಲಾ ಹುದುಗಿದಾಗ. 2 ಮಿಲಿಮೀಟರಿಗೆ ಲಟ್ಟಿಸುವಾಗ ಆ ಅನಿಲದ ಬಹುಪಾಲು ಹೇಗೂ ಹೊರಬೀಳುತ್ತದೆ. ಕಾದ ಕಲ್ಲಿನ ಮೇಲೆ ರೊಟ್ಟಿಯಲ್ಲಿ ಗುಳ್ಳೆ ಏಳಿಸುವುದು ಮುಖ್ಯವಾಗಿ ನೀರಾವಿ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ನಮ್ಮ ಫುಲ್ಕಾ ಯೀಸ್ಟೂ ಸೋಡಾವೂ ಇಲ್ಲದೆ ಉಬ್ಬುವುದು ಇದರಿಂದಲೇ. ಆದ್ದರಿಂದ ಮನೆಯಲ್ಲಿ ಯೀಸ್ಟ್ ಇಲ್ಲದಿದ್ದರೆ ಲಹ್ಮಾಜುನ್ ನಿಲ್ಲಬೇಕಾಗಿಲ್ಲ. ಮೊಸರು ಮತ್ತು ಚಿಟಿಕೆ ಅಡುಗೆ ಸೋಡಾ ಸಾಕು.

ಸೋಡಾದ ವಿಷಯದಲ್ಲಿ ಕೈ ಬಿಗಿ ಇರಲಿ. ಮೊಸರಿನ ಲ್ಯಾಕ್ಟಿಕ್ ಆಮ್ಲ ಸಿಕ್ಕರೆ ಒಂದು ಗ್ರಾಂ ಸೋಡಾದಿಂದ ಕಾಲು ಲೀಟರಿಗಿಂತ ತುಸು ಹೆಚ್ಚೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಕಾಲು ಕಿಲೋ ಹಿಟ್ಟಿಗೆ ಅದು ಯಥೇಷ್ಟ. ಹೆಚ್ಚಾದ ಸೋಡಾ ಆಮ್ಲ ಸಿಗದೆ ಹಿಟ್ಟಿನಲ್ಲೇ ಉಳಿಯುತ್ತದೆ. ಆಗ ರೊಟ್ಟಿಗೆ ಸಾಬೂನಿನ ರುಚಿ ಬರುವುದಲ್ಲದೆ ಅಲ್ಲಲ್ಲಿ ಹಳದಿ ಚುಕ್ಕೆಗಳೂ ಕಾಣಿಸುತ್ತವೆ. ಗೋಧಿಯಲ್ಲಿರುವ ಫ್ಲೇವನಾಯ್ಡ್ ಎಂಬ ಬಣ್ಣವಿಲ್ಲದ ವಸ್ತುಗಳು ಕ್ಷಾರದಲ್ಲಿ ಹಳದಿಯಾಗುತ್ತವೆ. ಆ ಚುಕ್ಕೆಗಳು ಸೋಡಾ ಸರಿಯಾಗಿ ಬೆರೆಯದ ಜಾಗವನ್ನು ತೋರಿಸಿಕೊಡುತ್ತವೆ.

ಗೋಧಿಯ ಬಗ್ಗೆ ಇಲ್ಲೊಂದು ಅಡ್ಡದಾರಿ ಹಿಡಿಯಬೇಕು. ಲಹ್ಮಾಜುನ್‌ನ ಈ ಸೀಮೆಯೇ ಗೋಧಿಯ ತವರು. 1997ರಲ್ಲಿ ಮ್ಯಾನ್‌ಫ್ರೆಡ್ ಹ್ಯೂನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಐನ್‌ಕಾರ್ನ್ ಎಂಬ ಹಳೆಯ ಗೋಧಿಯ ಡಿಎನ್‌ಎಯನ್ನು ಕಾಡುತಳಿಗಳ ಡಿಎನ್‌ಎ ಜೊತೆ ಹೋಲಿಸಿದಾಗ, ಅತಿ ಹತ್ತಿರದ ಕಾಡುನೆಂಟರು ಸಿಕ್ಕಿದ್ದು ಆಗ್ನೇಯ ತುರ್ಕಿಯ ಕರಾಜದಾ ಬೆಟ್ಟದ ಸುತ್ತ. ಉರ್ಫಾದ ಪಕ್ಕದಲ್ಲೇ ಇರುವ ಗೋಬೆಕ್ಲಿ ತೆಪೆಯಲ್ಲಿ ಹನ್ನೊಂದು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಕಂಬಗಳ ಜೊತೆ ಧಾನ್ಯ ಅರೆಯುವ ಕಲ್ಲುಗಳೂ ರಾಶಿರಾಶಿ ಸಿಕ್ಕಿವೆ. ರೊಟ್ಟಿಯಂತೂ ಬೇಸಾಯಕ್ಕಿಂತ ಹಳೆಯದು: ಜೋರ್ಡಾನಿನ ಶುಬೈಕಾದಲ್ಲಿ ಸಿಕ್ಕ ಸುಟ್ಟ ರೊಟ್ಟಿಯ ಚೂರುಗಳಿಗೆ ಸುಮಾರು 14,400 ವರ್ಷ ಎಂದು 2018ರಲ್ಲಿ ವರದಿಯಾಯಿತು. ಅದನ್ನು ತಟ್ಟಿದವರು ಕಾಡಿನ ಧಾನ್ಯ ಆಯ್ದು ತಂದವರು.

ಅದೇ ಸೀಮೆಯಲ್ಲಿ ಪಳಗಿದ ಇನ್ನೊಂದು ಗೋಧಿ ಎಮ್ಮರ್. ಅದನ್ನು ಇವತ್ತಿಗೂ ಬಿತ್ತುವ ಕೆಲವೇ ನಾಡುಗಳಲ್ಲಿ ಉತ್ತರ ಕರ್ನಾಟಕ ಒಂದು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಜವೆ ಗೋಧಿ, ಖಪ್ಲಿ ಎಂದು ಕರೆಯುವ, ಹುಗ್ಗಿಗೆ ಹೇಳಿ ಮಾಡಿಸಿದಂಥ ಗೋಧಿ ಅದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲಿ ಗಿಡ್ಡ ತಳಿಗಳನ್ನೂ ಬಿಡುಗಡೆ ಮಾಡಿದೆ. ಹುಗ್ಗಿಗೆ ಒಗ್ಗುವ ಈ ಗೋಧಿ ಬ್ರೆಡ್ಡಿಗೆ ಒಗ್ಗದಿರುವುದಕ್ಕೂ ಕಾರಣ ಉಂಟು. ಎಮ್ಮರಿನ ವಂಶದ ಗೋಧಿ ಒಂದು ಕಾಡುಹುಲ್ಲಿನೊಡನೆ ತಾನಾಗಿ ಬೆರಕೆಯಾದಾಗ ಇಂದಿನ ಬ್ರೆಡ್ ಗೋಧಿ ಹುಟ್ಟಿತು. ಹಿಟ್ಟಿಗೆ ಸೆಡೆತ ಕೊಡುವ ಗ್ಲುಟೆನಿನ್ನಿನ ಮುಖ್ಯ ವಂಶವಾಹಿಗಳು ಬಂದದ್ದು ಆ ಹುಲ್ಲಿನಿಂದ. ಎಮ್ಮರಿನಲ್ಲಿ ಅವು ಇಲ್ಲ, ಹಾಗಾಗಿ ಅದರ ಹಿಟ್ಟು ಹಿಗ್ಗುವುದಿಲ್ಲ, ಹರಿಯುತ್ತದೆ. ಉಬ್ಬಬೇಕಾದ ಬ್ರೆಡ್ಡಿಗೆ ಅದು ಕೊರತೆ. ತೆಳ್ಳನೆಯ ರೊಟ್ಟಿಗೆ ಅಷ್ಟು ದೊಡ್ಡ ಕೊರತೆಯಲ್ಲ. ಮೈದಾದ ಮೂರನೇ ಒಂದು ಪಾಲನ್ನು ಜವೆ ಗೋಧಿ ಹಿಟ್ಟಿಗೆ ಬದಲಿಸಿದರೆ ರುಚಿ ಏರುತ್ತದೆ ಎಂಬುದು ನನ್ನ ಅಭಿಪ್ರಾಯ. ಚಕ್ಕಿಯ ಗೋಧಿಹಿಟ್ಟಾದರೆ ನೀರು ಹೆಚ್ಚು ಬೇಡುತ್ತದೆ, ಏಕೆಂದರೆ ಬೀಸುವ ಕಲ್ಲಿನ ಒತ್ತಡಕ್ಕೆ ಒಡೆದ ಪಿಷ್ಟದ ಕಣಗಳು ಇಡಿ ಕಣಗಳಿಗಿಂತ ಹೆಚ್ಚು ನೀರು ಕುಡಿಯುತ್ತವೆ.

ಈಗ ಒಲೆಗೆ ಬರೋಣ. ಮನೆಯಲ್ಲಿ ಲಹ್ಮಾಜುನ್ ಮಾಡುವವರ ನಿಜವಾದ ಕಷ್ಟ ಇರುವುದು ಇಲ್ಲೇ.

ಕಲ್ಲಿನ ಒಲೆಯ ನೆಲ ಮತ್ತು ಕಮಾನು ಎರಡೂ 350-400 ಡಿಗ್ರಿವರೆಗೆ ಕಾದಿರುತ್ತವೆ. ರೊಟ್ಟಿಗೆ ಕೆಳಗಿನಿಂದ ಕಲ್ಲು ಮುಟ್ಟಿ ಶಾಖ ಕೊಡುತ್ತದೆ. ಮೇಲಿನಿಂದ ಕಮಾನು ಮುಟ್ಟದೆಯೇ, ವಿಕಿರಣದ ಮೂಲಕ, ಶಾಖ ಸುರಿಸುತ್ತದೆ. ಈ ವಿಕಿರಣ ನಿರಪೇಕ್ಷ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 250 ಡಿಗ್ರಿಯ ಮನೆಯ ಓವನ್ನಿಗೂ 400 ಡಿಗ್ರಿಯ ಕಮಾನಿಗೂ ಅಂತರ ದೊಡ್ಡದೇನಲ್ಲ ಅನ್ನಿಸಬಹುದು. ಕೆಲ್ವಿನ್‌ನಲ್ಲಿ 523 ಮತ್ತು 673 ಎಂದು ಬರೆದು ನಾಲ್ಕನೇ ಘಾತ ಕಟ್ಟಿದರೆ ಕಮಾನು ಚೆಲ್ಲುವ ಶಾಖ 2.7 ಪಟ್ಟು ಹೆಚ್ಚು. ಖೀಮಾದ ಅಂಚು ಕೆಂಪಗೆ ಗರಿಗರಿಯಾಗುವುದು ಇದರಿಂದ. ಗ್ಯಾಸ್ ಒಲೆಯ ಮೇಲಿನ ಕಾವಲಿಯಲ್ಲಿ ಈ ಮೇಲಿನ ಕಾವು ಇಲ್ಲವೇ ಇಲ್ಲ.

ಆದರೆ ಕೆಳಗಿನ ಕಾವಿನಲ್ಲಿ ನಮ್ಮ ಕಾವಲಿ ಯಾವ ಕಲ್ಲಿಗೂ ಕಡಿಮೆಯಿಲ್ಲ. ಭೌತವಿಜ್ಞಾನಿಗಳಾದ ಆಂದ್ರೇ ವರ್ಲಾಮೊವ್ ಮತ್ತು ಆಂಡ್ರಿಯಾಸ್ ಗ್ಲಾಟ್ಸ್, ಆಹಾರ ಮಾನವಶಾಸ್ತ್ರಜ್ಞ ಸೆರ್ಜಿಯೊ ಗ್ರಾಸ್ಸೊ ಸೇರಿ 2018ರಲ್ಲಿ ಪಿಜ್ಜಾ ಸುಡುವುದರ ಭೌತಶಾಸ್ತ್ರದ ಬಗ್ಗೆ ಒಂದು ಪ್ರಬಂಧ ಬರೆದರು. ರೋಮಿನ ಇಟ್ಟಿಗೆ ಒಲೆ 330 ಡಿಗ್ರಿಯಲ್ಲಿದ್ದಾಗ, ಹಿಟ್ಟೂ ಇಟ್ಟಿಗೆಯೂ ಸೇರುವ ಜಾಗದಲ್ಲಿ ತಾಪಮಾನ ಸುಮಾರು 208 ಡಿಗ್ರಿ ಎಂಬುದು ಅವರ ಲೆಕ್ಕ. ಅದೇ 330 ಡಿಗ್ರಿಯ ಉಕ್ಕಿನ ಮೇಲೆ ಹಾಕಿದರೆ ಸೇರುವ ಜಾಗ 300 ಡಿಗ್ರಿಗೆ ಏರಿ ರೊಟ್ಟಿಯ ತಳ ಸುಟ್ಟುಹೋಗುತ್ತದೆ. ಇಟ್ಟಿಗೆಯ ಮೇಲ್ಮೈ ಶಾಖ ಕೊಟ್ಟೊಡನೆ ತಾನು ತಣಿಯುತ್ತದೆ, ಒಳಗಿನ ಶಾಖ ಹೊರಬರಲು ತಡ. ಲೋಹದಲ್ಲಿ ಆ ತಡವಿಲ್ಲ. ಇದನ್ನೇ ತಿರುವಿ ಹಾಕಿದರೆ ಮನೆಯ ಅಡುಗೆಗೆ ಸಮಾಧಾನ: ಉಕ್ಕು 230 ಡಿಗ್ರಿಯಷ್ಟು ಕಾದರೂ ಕೆಳಗಿನಿಂದ ಇಟ್ಟಿಗೆ ಒಲೆಯಷ್ಟೇ ಕಾವು ಸಿಗುತ್ತದೆ. ಅಷ್ಟು ಕಾವಿನಲ್ಲಿ ಪಿಜ್ಜಾ 170 ಸೆಕೆಂಡಿನಲ್ಲಿ ಬೇಯುತ್ತದೆ ಎಂದು ಅವರು ತೋರಿಸಿದರು. ನಮ್ಮ ದಪ್ಪ ಕಬ್ಬಿಣದ ಕಾವಲಿ ಈ ವಿಷಯದಲ್ಲಿ ಉಕ್ಕಿನ ಜಾತಿಯದೇ.

ಕಾವಲಿ 230 ಡಿಗ್ರಿ ಮುಟ್ಟಿತೆಂದು ತಿಳಿಯುವುದು ಹೇಗೆ? ಥರ್ಮಾಮೀಟರ್ ಬೇಕಿಲ್ಲ. ನೀರಿನ ಹನಿ ಚಿಮುಕಿಸಿ. ಬಿದ್ದಲ್ಲೇ ಹರಡಿ ಚುರ್ರೆಂದು ಆರಿದರೆ ಇನ್ನೂ ಸಾಲದು. ಹನಿ ಒಡೆಯದೆ ಗುಂಡಾಗಿ, ಕಾವಲಿಯ ಮೇಲೆ ಪಾದರಸದಂತೆ ಉರುಳಾಡತೊಡಗಿದರೆ 200 ಡಿಗ್ರಿ ದಾಟಿದೆ. ಹನಿಯ ಅಡಿಯಲ್ಲೇ ಹುಟ್ಟಿದ ಆವಿಯ ಪದರ ಅದನ್ನು ಎತ್ತಿ ಹಿಡಿದಿರುತ್ತದೆ. ಜರ್ಮನ್ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ, ಅವನ ಹೆಸರೇ ನಿಂತಿತು. ಹನಿ ಉರುಳಾಡಿದ ಮೇಲೆ ಅರ್ಧ ನಿಮಿಷ ಬಿಟ್ಟು ಉರಿ ತಗ್ಗಿಸಿ. ನಾನ್‌ಸ್ಟಿಕ್ ತವಾದಲ್ಲಿ ಈ ಆಟ ಬೇಡ: ಅದರ ಲೇಪ 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ, ಖಾಲಿ ತವಾ ಅಷ್ಟು ಕಾಯಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಉಳಿದಿರುವುದು ಮೇಲೆ ಹರಡುವ ಖೀಮಾ. ಅಲ್ಲಿ ನಮ್ಮ ವೈರಿ ನೀರು. ಟೊಮೆಟೊದಲ್ಲಿ ನೂರಕ್ಕೆ 94-95 ಪಾಲು ನೀರು, ಈರುಳ್ಳಿಯಲ್ಲಿ 89ರ ಸುತ್ತ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100ಕ್ಕೆ ಕಾಯಿಸಲು 290 ಜೂಲ್ ಸಾಕು. ಆ ನೀರನ್ನೇ ಆವಿ ಮಾಡಲು 2,260 ಜೂಲ್ ಬೇಕು. ಎರಡು ಕಿಲೋ ತೂಕದ ಕಬ್ಬಿಣದ ಕಾವಲಿ 50 ಡಿಗ್ರಿ ತಣಿದರೆ ಬಿಟ್ಟುಕೊಡುವ ಶಾಖ ಸುಮಾರು 45 ಸಾವಿರ ಜೂಲ್. ಅಂದರೆ 20 ಗ್ರಾಂ ನೀರನ್ನು ಓಡಿಸುವಷ್ಟರಲ್ಲಿ ಕಾವಲಿ ಸುಸ್ತು. ನಾಲ್ಕು ಚಮಚ ಟೊಮೆಟೊ ರಸ ಅಷ್ಟೇ. ತೆಳ್ಳನೆಯ ದೋಸೆ ತವಾ ಆದರೆ ಇನ್ನೂ ಬೇಗ. ನೀರು ಇರುವವರೆಗೆ ಖೀಮಾ 100 ಡಿಗ್ರಿ ದಾಟುವುದಿಲ್ಲ. ಹುರಿದ ಮಾಂಸಕ್ಕೆ ಆ ಕಂದುಬಣ್ಣವನ್ನೂ ಪರಿಮಳವನ್ನೂ ಕೊಡುವ, 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಾಯಾರ್ ವಿವರಿಸಿದ ಕ್ರಿಯೆ ಚುರುಕಾಗಲು 140 ಡಿಗ್ರಿ ಬೇಕು. ಒದ್ದೆ ಖೀಮಾ ಬೇಯುತ್ತದೆ, ಹುರಿಯುವುದಿಲ್ಲ.

ಗಾಜಿಯಾಂತೆಪ್‌ನವರು ಇದಕ್ಕೆ ಕಂಡುಕೊಂಡಿರುವ ದಾರಿಗಳು ಗಮನಿಸುವಂಥವು. ಅವರು ಲಹ್ಮಾಜುನ್‌ಗೆ ಈರುಳ್ಳಿಯನ್ನೇ ಹಾಕುವುದಿಲ್ಲ, ಬೆಳ್ಳುಳ್ಳಿ ಹಾಕುತ್ತಾರೆ. ಉರ್ಫಾದವರು ಈರುಳ್ಳಿ ಹಾಕುತ್ತಾರೆ, ಬೆಳ್ಳುಳ್ಳಿ ಒಲ್ಲರು. ಎರಡೂ ಊರಿನವರು ಮಾಂಸವನ್ನು ಯಂತ್ರದಲ್ಲಿ ಅರೆಯುವುದಕ್ಕಿಂತ ಬಾಗಿದ ದೊಡ್ಡ ಕತ್ತಿಯನ್ನು ಹಲಗೆಯ ಮೇಲೆ ತೂಗಾಡಿಸಿ ಕೊಚ್ಚುವುದನ್ನೇ ಮೆಚ್ಚುತ್ತಾರೆ. ಹರಿತ ಕತ್ತಿಗೆ ತರಕಾರಿಯ ಕೋಶಗಳು ಅಷ್ಟಾಗಿ ಜಜ್ಜಿಹೋಗದೆ ರಸ ಒಳಗೇ ನಿಲ್ಲುತ್ತದೆ. ಮಿಕ್ಸಿಗೆ ಹಾಕಿದರೆ ಎಲ್ಲವೂ ಹೊರಗೆ. ಟೊಮೆಟೊ ರುಚಿ ಬೇಕು, ನೀರು ಬೇಡ ಎಂದಾಗ ಮಾಳಿಗೆಯ ಬಿಸಿಲಿನಲ್ಲಿ ಗಟ್ಟಿಯಾಗಿಸಿದ ಮೆಣಸಿನ, ಟೊಮೆಟೊದ ಪೇಸ್ಟ್ ಅವರ ಕೈಗೆ ಬರುತ್ತದೆ. ಉರ್ಫಾದ ‘ಇಸೋತ್’ ಮೆಣಸು ಇನ್ನೊಂದು ಸೊಗಸು: ಹಗಲು ಬಿಸಿಲಿಗೆ ಹರಡಿ, ರಾತ್ರಿ ಮುಚ್ಚಿಟ್ಟು ಬೆವರಿಸಿ, ಹೀಗೇ ದಿನಗಟ್ಟಲೆ ಮಾಡಿದಾಗ ಅದು ಕಡುಗೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಬ್ಯಾಡಗಿ ಮೆಣಸಿನ ಪುಡಿ ಆ ಜಾಗಕ್ಕೆ ಚೆನ್ನಾಗಿ ಕೂರುತ್ತದೆ. ಬಣ್ಣ ಹೆಚ್ಚು, ಖಾರ ಮಿತ. ಇಷ್ಟೆಲ್ಲ ಹಳೆಯ ತಿನಿಸು ಎನ್ನುವ ಲಹ್ಮಾಜುನ್‌ನ ಮೆಣಸೂ ಟೊಮೆಟೊವೂ ಅಮೆರಿಕ ಖಂಡದವು, 1492ಕ್ಕಿಂತ ಮುಂಚೆ ಈ ಸೀಮೆ ಅವನ್ನು ಕಂಡಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಈಗ ಮಾಡುವ ಕ್ರಮ. 250 ಗ್ರಾಂ ಮೈದಾ, ಒಂದು ಚಹಾ ಚಮಚ ಉಪ್ಪು, ಎರಡು ದೊಡ್ಡ ಚಮಚ ಮೊಸರು, ಒಂದು ಚಮಚ ಎಣ್ಣೆ, ಉಗುರುಬೆಚ್ಚಗಿನ ನೀರು 130-140 ಮಿಲಿಲೀಟರ್. ಯೀಸ್ಟ್ ಇದ್ದರೆ 3 ಗ್ರಾಂ ಒಣ ಯೀಸ್ಟ್. ಇಲ್ಲದಿದ್ದರೆ ಕಾಲು ಚಮಚಕ್ಕೂ ಕಡಿಮೆ ಸೋಡಾ. ನೀರು ಕೈ ತಾಳುವಷ್ಟೇ ಬಿಸಿ ಇರಲಿ, 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ. ಬೇಕರಿಯವನ ಹಿಟ್ಟಿಗಿಂತ ಇದು ತುಸು ಮೆತ್ತಗೆ ಅನ್ನಿಸಿದರೆ ಸರಿಯಾಗಿದೆ ಎಂದೇ ತಿಳಿಯಿರಿ. ನಮ್ಮ ಒಲೆ ನಿಧಾನ, ಬೇಯುವ ಹೊತ್ತು ಹೆಚ್ಚು, ಅಷ್ಟರಲ್ಲಿ ಆರಿಹೋಗುವ ನೀರಿನ ಪಾಲನ್ನು ಮೊದಲೇ ಕೊಟ್ಟಿರಬೇಕು. ಇಲ್ಲದಿದ್ದರೆ ಸುರುಳಿ ಸುತ್ತಬೇಕಾದ ರೊಟ್ಟಿ ಹಪ್ಪಳವಾಗುತ್ತದೆ. ಐದು ನಿಮಿಷ ನಾದಿ, ಐದು ಉಂಡೆ ಮಾಡಿ, ಒದ್ದೆಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಒಂದೊಂದು ಉಂಡೆಯೂ ಊಟದ ತಟ್ಟೆಗಿಂತ ಸ್ವಲ್ಪ ಸಣ್ಣದಾಗಿ, 20 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿದರೆ ದಪ್ಪ ತಾನಾಗಿ 2 ಮಿಲಿಮೀಟರ್ ಆಸುಪಾಸಿಗೆ ಬರುತ್ತದೆ.

ಓಟಿಜಿ ಓವನ್ ಇರುವವರು ಹಿಡಿಯಿಲ್ಲದ ಕಬ್ಬಿಣದ ಕಾವಲಿಯನ್ನು ಅದರ ಮೇಲಿನ ಅಂತಸ್ತಿನಲ್ಲಿಟ್ಟು 250 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ, ಮೇಲಿನ ಕಾಯಿಲ್ ಉರಿಯುತ್ತಿರುವಾಗ ಹಸಿ ಖೀಮಾ ಬಳಿದ ರೊಟ್ಟಿ ಜಾರಿಸಿದರೆ ಐದಾರು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬರೀ ಗ್ಯಾಸ್ ಒಲೆಯವರು ಒಂದು ರಾಜಿ ಮಾಡಿಕೊಳ್ಳಬೇಕು: 200 ಗ್ರಾಂ ಖೀಮಾವನ್ನು ಈರುಳ್ಳಿ ಅಥವಾ ಬೆಳ್ಳುಳ್ಳಿ, ಬೀಜ ತೆಗೆದು ಹಿಂಡಿದ ಟೊಮೆಟೊ, ದೊಣ್ಣೆಮೆಣಸು, ಮೆಣಸಿನ ಪುಡಿಯೊಡನೆ ಅಗಲ ಬಾಣಲೆಯಲ್ಲಿ ನೀರು ಪೂರ್ತಿ ಆರುವವರೆಗೆ ಹುರಿದುಬಿಡುವುದು. ಗಾಜಿಯಾಂತೆಪ್‌ನವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಮಾಂಸ ಬೆಂದಿತೋ ಇಲ್ಲವೋ ಎಂಬ ಅಳುಕೂ ಕಾವಲಿ ತಣಿಯುವ ತಾಪತ್ರಯವೂ ಒಟ್ಟಿಗೆ ಕಳೆಯುತ್ತವೆ. ರೊಟ್ಟಿಯನ್ನು ಕಾದ ಕಾವಲಿಗೆ ಹಾಕಿ, ಅರ್ಧ ನಿಮಿಷಕ್ಕೆ ಮಗುಚಿ, ಬೆಂದ ಮೈಯ ಮೇಲೆ ಖೀಮಾವನ್ನು ತೆಳ್ಳಗೆ ಹರಡಿ ಒತ್ತಿ, ಮುಚ್ಚಳ ಹಾಕಿ ಒಂದೂವರೆ ನಿಮಿಷ. ಮುಚ್ಚಳ ತೆಗೆದು ಇನ್ನರ್ಧ ನಿಮಿಷ. ಮುಚ್ಚಳದೊಳಗಿನ ಆವಿ ಖೀಮಾದ ಮೇಲೆ ತಣಿದು ನೀರಾಗುವಾಗ ತಾನು ಹೊತ್ತ 2,260 ಜೂಲನ್ನು ಅಲ್ಲೇ ಇಳಿಸುತ್ತದೆ, ಮೇಲ್ಮೈ ಚೆನ್ನಾಗಿ ಬಿಸಿಯಾಗುತ್ತದೆ. ಕೊನೆಯ ಅರ್ಧ ನಿಮಿಷ ತೆರೆದಿಡದಿದ್ದರೆ ಆ ನೀರು ರೊಟ್ಟಿಗೆ ಇಳಿಯುತ್ತದೆ. ದಮ್ ಬಿರಿಯಾನಿಗೆ ಹಂಡೆಯ ಮುಚ್ಚಳದ ಮೇಲೆ ಕೆಂಡ ಹೇರುವ ಅಭ್ಯಾಸವಿರುವ ಮನೆಗಳಲ್ಲಿ ಮೇಲಿನ ಕಾವಿನ ಕೊರತೆಗೆ ಉತ್ತರ ಆಗಲೇ ಸಿದ್ಧವಾಗಿದೆ. ದಪ್ಪ ಕಬ್ಬಿಣದ ಮುಚ್ಚಳವನ್ನು ಪಕ್ಕದ ಬರ್ನರಿನಲ್ಲಿ ಕಾಯಿಸಿಟ್ಟುಕೊಂಡು ಮುಚ್ಚಿದರೂ ತಕ್ಕಮಟ್ಟಿಗೆ ಅದೇ ಫಲ. ಮಾಂಸ ತಿನ್ನದವರು ನೆನೆಸಿ ಹಿಂಡಿ ಪುಡಿ ಮಾಡಿದ ಸೋಯಾ ಚಂಕ್ಸ್ ಹುರಿದುಕೊಳ್ಳಬಹುದು. ಅಣಬೆಯಾದರೆ ಅದರ ನೀರು ಆರಿಸಲು ಖೀಮಾಕ್ಕಿಂತ ಹೆಚ್ಚು ತಾಳ್ಮೆ ಬೇಕು.

ತುರ್ಕಿಯ ‘ಪಿಜ್ಜಾ’ ಎಂದು ಹೆಸರಾದ ಇನ್ನೊಂದು ರೊಟ್ಟಿ ಪಿದೆ. ಕಪ್ಪು ಸಮುದ್ರದ ದಡದ ಊರುಗಳಲ್ಲಿ ಅದು ದೋಣಿಯಾಕಾರ: ಉದ್ದನೆಯ ಹಿಟ್ಟಿನ ಎರಡೂ ಅಂಚನ್ನು ಒಳಕ್ಕೆ ಮಡಚಿ, ನಡುವೆ ಖೀಮಾ, ಪಾಲಕ್, ಮೊಟ್ಟೆ ಅಥವಾ ಚೀಸ್. ಅದು ಉಬ್ಬಬೇಕಾದ ರೊಟ್ಟಿ, ದಪ್ಪ ಹೆಚ್ಚು, ಯೀಸ್ಟಿಗೆ ಗಂಟೆಯಾದರೂ ಕೊಡಬೇಕು. ಕಾವಲಿಯಲ್ಲಿ ಅದು ಸರಿಬರುವುದಿಲ್ಲ, ಓವನ್ನೇ ಬೇಕು. ದಿಢೀರ್ ಲೆಕ್ಕದಿಂದ ಅದನ್ನು ಹೊರಗಿಡುತ್ತೇನೆ. ಒಂದು ಮಾತು ಮಾತ್ರ ಚೀಸಿನ ಬಗ್ಗೆ. ಪಿದೆಗೆ ಹಾಕುವ ಕಶಾರ್ ಚೀಸ್ ಬಿಸಿಗೆ ಕರಗಿ ನೂಲುನೂಲಾಗಿ ಎಳೆಯುತ್ತದೆ. ಅದರ ಬದಲು ಪನೀರ್ ಹಾಕಿದವರು ಅದೇಕೆ ಕಲ್ಲಿನಂತೆ ಕೂತಿತೆಂದು ಕೇಳುತ್ತಾರೆ. ಕಶಾರ್, ಮೊಝರೆಲ್ಲಾದಂಥವು ರೆನೆಟ್ ಕಿಣ್ವದಿಂದ ಹೆಪ್ಪಾಗಿ, ಬಿಸಿನೀರಿನಲ್ಲಿ ನಾದಿ ಎಳೆದ ಚೀಸುಗಳು. ಅವುಗಳ ಕೇಸಿನ್ ಪ್ರೋಟೀನಿನ ನಡುವೆ ಕ್ಯಾಲ್ಸಿಯಂ ಕೊಂಡಿ ಹದವಾಗಿ ಉಳಿದಿರುತ್ತದೆ, ಬಿಸಿಯಾದಾಗ ಆ ಬಲೆ ಸಡಿಲಗೊಂಡು ಹರಿಯುತ್ತದೆ. ಪನೀರ್ ಆಗುವುದು ಕುದಿಯುವಷ್ಟು ಬಿಸಿಯಾದ ಹಾಲಿಗೆ ನಿಂಬೆರಸ ಹಿಂಡಿದಾಗ. ಆಮ್ಲ ಕ್ಯಾಲ್ಸಿಯಂ ಕೊಂಡಿಗಳನ್ನು ಕರಗಿಸಿಬಿಡುತ್ತದೆ, ಹಾಲೊಡಕಿನ ಪ್ರೋಟೀನುಗಳೂ ಆ ಬಿಸಿಗೆ ಕೇಸಿನ್‌ಗೆ ಅಂಟಿಕೊಳ್ಳುತ್ತವೆ. ಹೀಗೆ ಕಟ್ಟಿದ ಗಡ್ಡೆ ಬಿಸಿಯಾದಷ್ಟೂ ನೀರು ಹಿಂಡಿಕೊಂಡು ಗಟ್ಟಿಯಾಗುತ್ತದೆ. ಎಷ್ಟು ಹೊತ್ತು ಒಲೆಯಲ್ಲಿಟ್ಟರೂ ಅದು ಕರಗದು.

ಒಲೆಯಿಂದ ತೆಗೆದ ಲಹ್ಮಾಜುನ್‌ಗಳನ್ನು ಬೇಕರಿಯವನು ಬಿಡಿಬಿಡಿಯಾಗಿ ಆರಲು ಬಿಡುವುದಿಲ್ಲ. ಖೀಮಾದ ಮುಖಕ್ಕೆ ಖೀಮಾದ ಮುಖ ಸೇರಿಸಿ ಅಟ್ಟಿ ಕಟ್ಟುತ್ತಾನೆ. ಆಗ ಒಂದರ ಆವಿ ಇನ್ನೊಂದನ್ನು ಮೆತ್ತಗಿರಿಸುತ್ತದೆ, ಸುತ್ತಿದರೆ ಮುರಿಯದ ಹದ ಉಳಿಯುತ್ತದೆ. ಪಾರ್ಸ್ಲಿ ಉದುರಿಸಿ, ನಿಂಬೆ ಹಿಂಡಿ, ಸುರುಳಿ ಸುತ್ತಿ ತಿನ್ನುವುದು ಅಲ್ಲಿನ ಪದ್ಧತಿ. ಪಾರ್ಸ್ಲಿ ಸಿಗದ ಕಡೆ ಕೊತ್ತಂಬರಿ ಸೊಪ್ಪು ಹಾಕುವುದಕ್ಕೆ ನನ್ನ ತಕರಾರಿಲ್ಲ, ರುಚಿ ಮಾತ್ರ ಬೇರೆಯೇ ಊರಿನದಾಗುತ್ತದೆ. ಜೊತೆಗೆ ಕುಡಿಯುವುದು ಐರಾನ್: ಮೊಸರು, ನೀರು, ಉಪ್ಪು, ಅಂದರೆ ಒಗ್ಗರಣೆಯಿಲ್ಲದ ಮಜ್ಜಿಗೆ. ಮೆಣಸಿನ ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ. ಹಾಲಿನ ಕೇಸಿನ್ ಅದನ್ನು ಹಿಡಿದು ನಾಲಿಗೆಯಿಂದ ಕಳಚುತ್ತದೆ.

ಮಿಕ್ಕಿದ್ದನ್ನು ಏನು ಮಾಡುವುದು? ರೊಟ್ಟಿ ಹಳಸಿ ಗಟ್ಟಿಯಾಗುವುದು ಒಣಗಿದ್ದರಿಂದ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, 1852ರಲ್ಲಿ, ಫ್ರಾನ್ಸಿನ ಬೂಸಿಂಗೋ ತೇವ ಹೊರಹೋಗದಂತೆ ಮುಚ್ಚಿಟ್ಟ ಬ್ರೆಡ್ಡೂ ಗಟ್ಟಿಯಾಗುವುದನ್ನು ತೋರಿಸಿದ. ಬೇಯುವಾಗ ಅರಳಿದ ಪಿಷ್ಟದ ಅಣುಗಳು ತಣಿದ ಮೇಲೆ ಮತ್ತೆ ಸಾಲುಗಟ್ಟಿ ಹರಳಾಗುತ್ತವೆ. ಈ ಕೆಲಸ ಅತಿ ಬಿರುಸಾಗಿ ನಡೆಯುವುದು ಫ್ರಿಜ್ಜಿನ 4 ಡಿಗ್ರಿ ಸುಮಾರಿಗೆ; ಫ್ರೀಜರಿನ ಚಳಿಯಲ್ಲಿ ನಿಂತುಹೋಗುತ್ತದೆ. ಮಾಂಸವಿರುವುದರಿಂದ ಹೊರಗಿಡುವಂತಿಲ್ಲ. ಹಾಗಾಗಿ ಪೂರ್ತಿ ಆರಿದ ಮೇಲೆ ಎರಡೆರಡನ್ನು ಮುಖಕ್ಕೆ ಮುಖ ಸೇರಿಸಿ, ಗಾಳಿ ಹೋಗದಂತೆ ಸುತ್ತಿ ಫ್ರೀಜರಿಗೆ ಹಾಕಿ. ಬೇಕಾದಾಗ ನೇರ ಕಾವಲಿಗೆ, ಎರಡು ಹನಿ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ. 60-70 ಡಿಗ್ರಿಗೆ ಪಿಷ್ಟದ ಹರಳು ಕರಗಿ ರೊಟ್ಟಿ ಮೆತ್ತಗಾಗುತ್ತದೆ, ಆದರೆ ಮೇಲಿನ ಖೀಮಾದಿಂದ ಹಬೆ ಏಳುವವರೆಗೂ ಮುಚ್ಚಳ ತೆಗೆಯಬೇಡಿ.